ಏರ್ ಫ್ರೈಯರ್: ಫ್ಯಾನ್ ತಿರುಗುತ್ತದೆ, ದೀಪ ಉರಿಯುತ್ತದೆ, ಬಿಸಿ ಮಾತ್ರ ಇಲ್ಲ

ತೆಂಗಿನತೋಟ_ತಿಪಟೂರು · ಶನಿವಾರ, ಸಂಜೆ 6:40

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಏರ್ ಫ್ರೈಯರ್ ಮೂರು ದಿನದಿಂದ ಮುನಿಸಿಕೊಂಡು ಕೂತಿದೆ. ಎರಡು ನಾಬ್ ಇರುವ ಹಳೇ ಮಾದರಿ. ಮೇಲಿನದು ಡಿಗ್ರಿಗೆ, ಕೆಳಗಿನದು ನಿಮಿಷಕ್ಕೆ. ಪರದೆ, ಬಟನ್ ಏನೂ ಇಲ್ಲ. ಹಿಂದೆ 1400 ವ್ಯಾಟ್ ಎಂದು ಬರೆದಿದೆ. ತಗೊಂಡು ಮೂರು ವರ್ಷ ಆಯಿತು, ವಾರಂಟಿ ಎರಡೇ ವರ್ಷ.

ಬುಧವಾರ ಸಂಜೆ ಹಾಗಲಕಾಯಿ ಚಿಪ್ಸ್ ಮಾಡೋಣ ಅಂತ 180ಕ್ಕೆ ಇಟ್ಟು 15 ನಿಮಿಷ ತಿರುಗಿಸಿದೆ. ಟಿಕ್ ಟಿಕ್ ಅಂತು, ಫ್ಯಾನ್ ಸದ್ದು ಬಂತು, ಕಿತ್ತಳೆ ದೀಪ ಹತ್ತಿತು, ಕೊನೆಗೆ ಟಿಣ್ ಅಂತ ಗಂಟೆಯೂ ಹೊಡೆಯಿತು. ಬುಟ್ಟಿ ಎಳೆದು ನೋಡಿದರೆ ಹಾಗಲಕಾಯಿ ಇಟ್ಟ ಹಾಗೇ ಇದೆ! ಗಾಳಿಗೆ ಸ್ವಲ್ಪ ಒಣಗಿದೆ ಅಷ್ಟೆ. ಕೈ ಒಳಗೆ ಹಾಕಿದೆ, ಬೆಚ್ಚಗೂ ಇಲ್ಲ.

ಸಾಕೆಟ್ ಬದಲಿಸಿ ನೋಡಿದೆ. ಗೀಸರ್‌ನ 16 ಆಂಪ್ ಸಾಕೆಟ್‌ಗೂ ಹಾಕಿದೆ. ಅದೇ ಕಥೆ. ತುಮಕೂರಿನ ಸರ್ವಿಸ್ ಸೆಂಟರ್‌ಗೆ ತೋರಿಸಿದಾಗ, ಬಿಚ್ಚದೆಯೇ "ಹೀಟಿಂಗ್ ಸೆಟ್ ಪೂರ್ತಿ ಬದಲಿಸಬೇಕು ಮೇಡಂ, 2,800 ಆಗುತ್ತೆ" ಅಂದರು. ಹೊಸದೇ ನಾಲ್ಕು ಸಾವಿರಕ್ಕೆ ಬರುತ್ತೆ. ಏನು ಮಾಡಲಿ?

ಸುಮ್ನೆ_ಓದುಗ · ಶನಿವಾರ, ಸಂಜೆ 7:05

ಗುಜರಿಗೆ ಹಾಕಿ ಹೊಸದು ತಗೊಳ್ಳಿ. ಮೂರು ವರ್ಷ ದುಡಿದಿದೆ, ಸಾಕಲ್ವಾ?

ರಿವೈಂಡಿಂಗ್_ಅಣ್ಣ · ಶನಿವಾರ, ರಾತ್ರಿ 8:20

ಓದುಗರೇ, ನಿಮ್ಮ ಮಾತು ಕೇಳಿದರೆ ನನ್ನ ಅಂಗಡಿ ಮುಚ್ಚಬೇಕಾಗುತ್ತದೆ ನೋಡ್ರಿ. ಹುಬ್ಬಳ್ಳಿಯಲ್ಲಿ ಮಿಕ್ಸಿ, ಗೀಸರ್, ಫ್ಯಾನ್ ರಿಪೇರಿ ಮಾಡಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಇತ್ತೀಚೆಗೆ ಏರ್ ಫ್ರೈಯರ್‌ಗಳೂ ಬರುತ್ತಿವೆ.

ತಂಗಿ, ಎರಡು ನಾಬ್ ಮಾದರಿ ಎಂದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಅದರೊಳಗೆ ಏನೂ ಇಲ್ಲ. ಒಂದು ಟೈಮರ್, ಇಟ್ಟ ಡಿಗ್ರಿ ಮುಟ್ಟಿದರೆ ಕರೆಂಟು ಕಟ್ ಮಾಡಿ ತಣ್ಣಗಾದರೆ ಮತ್ತೆ ಕೊಡುವ ಒಂದು ಥರ್ಮೋಸ್ಟಾಟ್, ಬುಟ್ಟಿ ಒಳಗೆ ಕೂತರೆ ಒತ್ತಿಕೊಳ್ಳುವ ಸಣ್ಣ ಸ್ವಿಚ್ಚು, ಒಂದು ಫ್ಯಾನ್ ಮೋಟಾರು, ಬಿಸಿ ಮಾಡುವ ಕಾಯಿಲ್, ಅತಿ ಬಿಸಿಯಾದರೆ ಕರೆಂಟು ತಪ್ಪಿಸುವ ಥರ್ಮಲ್ ಫ್ಯೂಸು. ಮುಗಿಯಿತು.

ಈಗ ನನ್ನ ಪ್ರಶ್ನೆ ಒಂದೇ. ಆ ಕಿತ್ತಳೆ ದೀಪ 15 ನಿಮಿಷವೂ ಉರಿಯುತ್ತಲೇ ಇತ್ತೋ, ಮಧ್ಯದಲ್ಲಿ ಆರಿ ಹತ್ತಿ ಮಾಡುತ್ತಿತ್ತೋ?

ತೆಂಗಿನತೋಟ_ತಿಪಟೂರು · ಶನಿವಾರ, ರಾತ್ರಿ 8:45

ಅಣ್ಣ, ಈಗ ಮತ್ತೆ ಹಾಕಿ ನೋಡಿದೆ. ಆರುವುದೇ ಇಲ್ಲ. ಮೊದಲೆಲ್ಲ ಐದಾರು ನಿಮಿಷಕ್ಕೆ ಆರುತ್ತಿತ್ತು, ಮತ್ತೆ ಹತ್ತುತ್ತಿತ್ತು. ದೀಪ ಉರಿಯುತ್ತಿದೆ ಅಂದರೆ ಕಾಯಿಲ್ ಕಾಯುತ್ತಿದೆ ಅಂತಲೇ ಅಲ್ವಾ?

ರಿವೈಂಡಿಂಗ್_ಅಣ್ಣ · ಶನಿವಾರ, ರಾತ್ರಿ 9:10

ಅಲ್ಲ. ಎಲ್ಲರೂ ಎಡವುವುದು ಇಲ್ಲಿಯೇ. ಆ ದೀಪ "ಬಿಸಿ ಬೇಕು" ಎನ್ನುತ್ತದೆ. "ಬಿಸಿ ಬಂತು" ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಥರ್ಮೋಸ್ಟಾಟ್ ದಾಟಿ ಬಂದ ಕರೆಂಟು ಎರಡು ದಾರಿ ಹಿಡಿಯುತ್ತದೆ. ಒಂದು ದೀಪಕ್ಕೆ, ಒಂದು ಕಾಯಿಲ್‌ಗೆ. ದೀಪ ಹತ್ತಿದೆ ಎಂದರೆ ಥರ್ಮೋಸ್ಟಾಟ್ ತನಕ ಎಲ್ಲ ಸರಿ ಇದೆ. ಟೈಮರ್ ಸರಿ, ಬುಟ್ಟಿ ಸ್ವಿಚ್ಚು ಸರಿ. ಕರೆಂಟು ಬಾಗಿಲವರೆಗೆ ಬಂದಿದೆ, ಒಳಗೆ ಹೋಗುತ್ತಿಲ್ಲ. ಬಿಸಿಯೇ ಆಗದ ಮೇಲೆ ಥರ್ಮೋಸ್ಟಾಟ್ ಕಟ್ ಆಗುವುದು ಯಾಕೆ? ಅದಕ್ಕೇ ದೀಪ ಆರುತ್ತಿಲ್ಲ.

ದೀಪವೇ ಹತ್ತದೆ ಫ್ಯಾನ್ ಮಾತ್ರ ತಿರುಗಿದ್ದರೆ ಮೊದಲು ಥರ್ಮೋಸ್ಟಾಟ್ ನೋಡಿ ಎನ್ನುತ್ತಿದ್ದೆ. ನಿಮ್ಮದರಲ್ಲಿ ಅನುಮಾನ ಮೂರರ ಮೇಲೆ. ಕಾಯಿಲ್ ಹೋಗಿರಬೇಕು, ಇಲ್ಲವೇ ಅದಕ್ಕೆ ಹೋಗುವ ವೈರಿನ ತುದಿ ಸುಟ್ಟಿರಬೇಕು, ಇಲ್ಲವೇ ಆ ದಾರಿಯಲ್ಲಿರುವ ಥರ್ಮಲ್ ಫ್ಯೂಸ್ ಹಾರಿರಬೇಕು. ನನ್ನ ದುಡ್ಡು ಫ್ಯೂಸಿನ ಮೇಲೆ.

ಮಲೆನಾಡ_ಮಳೆ · ಶನಿವಾರ, ರಾತ್ರಿ 9:30

ಒಂದು ಮಾತು ಸೇರಿಸಲಾ? ವೋಲ್ಟೇಜ್ ನೋಡಿದ್ದೀರಾ ಅಕ್ಕ? ಸಾಗರದ ಹತ್ತಿರ ನಮ್ಮ ಹಳ್ಳಿಯಲ್ಲಿ ಬೇಸಿಗೆಯ ಸಂಜೆ ಎಲ್ಲರ ಪಂಪ್‌ಸೆಟ್ಟು ಒಟ್ಟಿಗೆ ಓಡಿದರೆ 180 ವೋಲ್ಟ್‌ಗೆ ಇಳಿಯುತ್ತದೆ. ಆಗ ನಮ್ಮ ಫ್ರೈಯರ್ ಕೂಡ ಹೀಗೇ ಮಾಡುತ್ತದೆ. ದೀಪ ಆರುವುದೇ ಇಲ್ಲ, ಆಲೂಗಡ್ಡೆ ಬೆಂದರೂ ಕೆಂಪಾಗುವುದಿಲ್ಲ.

ಲೆಕ್ಕದ_ಮೇಷ್ಟ್ರು · ಶನಿವಾರ, ರಾತ್ರಿ 10:15

ಮಲೆನಾಡಿನವರ ಮಾತು ಸರಿ. ಆದರೆ ಇಲ್ಲಿ ಹೊಂದುವುದಿಲ್ಲ. ಕಾಯಿಲ್‌ನ ಶಾಖ ವೋಲ್ಟೇಜಿನ ವರ್ಗಕ್ಕೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ್ದಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್‌ನಲ್ಲಿ 1400 ವ್ಯಾಟ್ ಕೊಡುವ ಕಾಯಿಲ್ 180 ವೋಲ್ಟ್‌ನಲ್ಲಿ ಸುಮಾರು 860 ವ್ಯಾಟ್ ಕೊಡುತ್ತದೆ. ವೋಲ್ಟೇಜ್ ಕಾಲು ಭಾಗಕ್ಕಿಂತ ಕಡಿಮೆ ಇಳಿದರೂ ಶಾಖ ಹತ್ತಿರಹತ್ತಿರ ಶೇ. 40 ಹೋಯಿತು. ಆದರೂ 860 ವ್ಯಾಟ್ ಎಂದರೆ ಇಸ್ತ್ರಿ ಪೆಟ್ಟಿಗೆಯಷ್ಟು. ಕೈ ಹಾಕಿದರೆ "ಬೆಚ್ಚಗೂ ಇಲ್ಲ" ಎನ್ನುವ ಹಾಗಿರುವುದಿಲ್ಲ, ಕೈ ಸುಡುತ್ತದೆ.

ತೆಂಗಿನತೋಟದವರೇ, ಬಿಚ್ಚುವ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ನಿಮ್ಮ ಮನೆಯ ಕರೆಂಟ್ ಮೀಟರ್‌ನಲ್ಲಿ ಮಿಣುಕುವ ಒಂದು ಸಣ್ಣ ಕೆಂಪು ದೀಪ ಇರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕುತ್ತದೆ ಎಂದು ಮೀಟರ್ ಮೇಲೆಯೇ ಬರೆದಿರುತ್ತದೆ. ಆ ಸಂಖ್ಯೆ ನೋಡಿ ಹೇಳಿ.

ತೆಂಗಿನತೋಟ_ತಿಪಟೂರು · ಭಾನುವಾರ, ಬೆಳಿಗ್ಗೆ 7:10

ಟಾರ್ಚ್ ಹಾಕಿ ನೋಡಿದೆ ಸರ್. 3200 ಅಂತ ಇದೆ.

ಲೆಕ್ಕದ_ಮೇಷ್ಟ್ರು · ಭಾನುವಾರ, ಬೆಳಿಗ್ಗೆ 7:40

ಒಳ್ಳೆಯದು. ಫ್ರಿಜ್, ಫ್ಯಾನ್, ವೈಫೈ ಡಬ್ಬಿ, ನೀರಿನ ಫಿಲ್ಟರ್ ಎಲ್ಲ ಆರಿಸಿ. ಇನ್ವರ್ಟರ್ ಇದ್ದರೆ ಅದನ್ನೂ. ಮೀಟರ್ ದೀಪ ಮಿಣುಕುವುದು ನಿಲ್ಲಬೇಕು. ಆಮೇಲೆ ಏರ್ ಫ್ರೈಯರ್ ಒಂದನ್ನೇ ಹಚ್ಚಿ.

ಕಾಯಿಲ್ ಕೆಲಸ ಮಾಡುತ್ತಿದ್ದರೆ ಸುಮಾರು 8 ಸೆಕೆಂಡಿಗೆ ಹತ್ತು ಸಲ ಮಿಣುಕುತ್ತದೆ. ಎಣಿಸುವುದೇ ಕಷ್ಟ, ಅಷ್ಟು ಬೇಗ. ಬರೀ ಫ್ಯಾನ್ ತಿರುಗುತ್ತಿದ್ದರೆ, ಅದು 30 ವ್ಯಾಟ್ ಎಂದಿಟ್ಟುಕೊಳ್ಳಿ, 37 ಸೆಕೆಂಡಿಗೆ ಒಂದು ಸಲ.

ತೆಂಗಿನತೋಟ_ತಿಪಟೂರು · ಭಾನುವಾರ, ಬೆಳಿಗ್ಗೆ 9:25

ಮೇಷ್ಟ್ರೇ, ಮೊದಲ ಸಲ ಎಲ್ಲ ಆರಿಸಿದರೂ ಮಿಣುಕುತ್ತಿತ್ತು. ಅತ್ತೆಯ ರೂಮಿನ ಟಿವಿ ಡಬ್ಬಿ ಮರೆತಿದ್ದೆ. ಎರಡನೇ ಸಲ ಸರಿಯಾಯಿತು. ನಾನು ಮೀಟರ್ ಹತ್ತಿರ, ಮಗ ಅಡುಗೆಮನೆಯಲ್ಲಿ. ಅವನು "ಹಾಕಿದೆ" ಅಂದಮೇಲೆ ಕಾದೆ, ಕಾದೆ, ಕಾದೆ. ಮೊದಲ ಮಿಣುಕಿನಿಂದ ಎರಡನೆಯದಕ್ಕೆ 35 ಸೆಕೆಂಡು ಆಯಿತು. ಅತ್ತೆ ಬಂದು "ಬೆಳಿಗ್ಗೆ ಬೆಳಿಗ್ಗೆ ಮೀಟರ್‌ಗೆ ಪೂಜೆನಾ?" ಅಂದರು.

ರಿವೈಂಡಿಂಗ್_ಅಣ್ಣ · ಭಾನುವಾರ, ಬೆಳಿಗ್ಗೆ 10:00

ಮೇಷ್ಟ್ರೇ, ಈ ಉಪಾಯ ನಾನೂ ಇಟ್ಟುಕೊಂಡೆ. ಫೋನಲ್ಲಿ ಕೇಳುವ ಗಿರಾಕಿಗಳಿಗೆ ಹೇಳಲು ಚೆನ್ನಾಗಿದೆ.

ಅಲ್ಲಿಗೆ ಕಾಯಿಲ್‌ಗೆ ಕರೆಂಟು ಹೋಗುತ್ತಿಲ್ಲ, ಖಚಿತ. ಈಗ ಬಿಚ್ಚಬೇಕು. ತಂಗಿ, ನಿಮಗೆ ಧೈರ್ಯ ಇದ್ದರೆ ಮಾತ್ರ. ಇಲ್ಲದಿದ್ದರೆ ನಿಮ್ಮೂರಿನ ಮಿಕ್ಸಿ ರಿಪೇರಿಯವರ ಹತ್ತಿರ ಹೋಗಿ, ನಾನು ಬರೆದದ್ದನ್ನು ತೋರಿಸಿ.

ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡಿ. ಸ್ವಿಚ್ ಆರಿಸಿದ್ದೇನೆ ಎನ್ನುವುದು ಲೆಕ್ಕಕ್ಕಿಲ್ಲ. ಸ್ಕ್ರೂಗಳು ಹಿಂದೆ ಮತ್ತು ಕೆಳಗೆ ಇರುತ್ತವೆ. ಒಂದೆರಡು ಸ್ಟಿಕ್ಕರಿನ ಅಡಿಯಲ್ಲೋ ರಬ್ಬರ್ ಕಾಲಿನ ಅಡಿಯಲ್ಲೋ ಅಡಗಿರುತ್ತವೆ. ಕೆಲವು ಮೂರು ಮೂಲೆಯ ತಲೆಯವು, ಮಾಮೂಲಿ ಸ್ಕ್ರೂ ಡ್ರೈವರ್ ಹಿಡಿಯುವುದಿಲ್ಲ. ಬಲವಂತ ಮಾಡಬೇಡಿ, ಬಿಟ್ ಸೆಟ್ ತನ್ನಿ. ಒಳಗೆ ಏನನ್ನೂ ಮುಟ್ಟುವ ಮೊದಲು ಫೋನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಯಾವ ವೈರು ಎಲ್ಲಿತ್ತು ಎಂದು ಆಮೇಲೆ ತಲೆ ಕೆರೆದುಕೊಳ್ಳುವ ಹಾಗಾಗಬಾರದು.

ವೋಲ್ಟೇಜ್, ತಡೆ ಎಲ್ಲ ಅಳೆಯುವ ಮಲ್ಟಿಮೀಟರ್ ಇದೆಯಾ?

ತೆಂಗಿನತೋಟ_ತಿಪಟೂರು · ಭಾನುವಾರ, ಬೆಳಿಗ್ಗೆ 10:20

ಯಜಮಾನರ ಹತ್ತಿರ ಇದೆ. ತೋಟದ ಮೋಟಾರಿಗೆ ಅಂತ ತಂದಿದ್ದರು. ಅವರು ಸಂಜೆ ಬರುತ್ತಾರೆ.

ನೇರ_ಜೋಡಣೆ · ಭಾನುವಾರ, ಮಧ್ಯಾಹ್ನ 12:15

ಇಷ್ಟೆಲ್ಲ ಯಾಕೆ? ಥರ್ಮಲ್ ಫ್ಯೂಸ್ ಕತ್ತರಿಸಿ ಎರಡು ವೈರ್ ಸೇರಿಸಿ ಟೇಪ್ ಸುತ್ತಿ. ನಾನು ರೈಸ್ ಕುಕ್ಕರ್‌ಗೆ ಹಾಗೇ ಮಾಡಿದ್ದೇನೆ. ವರ್ಷದಿಂದ ನಡೆಯುತ್ತಿದೆ.

ರಿವೈಂಡಿಂಗ್_ಅಣ್ಣ · ಭಾನುವಾರ, ಮಧ್ಯಾಹ್ನ 12:30

ತಮ್ಮಾ, ಬೇಡ. ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡ. ಥರ್ಮೋಸ್ಟಾಟ್‌ನ ಪಾಯಿಂಟುಗಳು ಒಮ್ಮೊಮ್ಮೆ ಒಂದಕ್ಕೊಂದು ಬೆಸೆದುಕೊಂಡುಬಿಡುತ್ತವೆ. ಆಗ ಕಾಯಿಲ್ ಕಾಯುವುದು ನಿಲ್ಲುವುದೇ ಇಲ್ಲ. ಅಥವಾ ಫ್ಯಾನ್ ನಿಂತು ಕಾಯಿಲ್ ಮಾತ್ರ ಉರಿಯುತ್ತಿರುತ್ತದೆ. ಆ ಹೊತ್ತಿನಲ್ಲಿ ಮನೆಯನ್ನು ಕಾಯುವುದು ಆ ಒಂದು ಫ್ಯೂಸು. ಏರ್ ಫ್ರೈಯರ್‌ನ ಹೊರಮೈ ಪ್ಲಾಸ್ಟಿಕ್ಕು, ಒಳಗೆ ಎಣ್ಣೆಯ ಜಿಡ್ಡು. ಟೇಪ್ ಅಂತೂ ಆ ಬಿಸಿಗೆ ಒಂದೇ ದಿನದಲ್ಲಿ ಕರಗಿ ಬೀಳುತ್ತದೆ. ನಿನ್ನ ಕುಕ್ಕರಿಗೂ ನಾಳೆಯೇ ಫ್ಯೂಸ್ ಹಾಕಿಸು.

ನೇರ_ಜೋಡಣೆ · ಭಾನುವಾರ, ಮಧ್ಯಾಹ್ನ 1:05

ಸರಿ ಅಣ್ಣ, ಅಷ್ಟು ಯೋಚಿಸಿರಲಿಲ್ಲ.

ಡಲ್ಲಾಸ್_ದೋಸೆ · ಭಾನುವಾರ, ಸಂಜೆ 4:50

ಸ್ವಲ್ಪ ಬೇರೆ ವಿಷಯ, ಆದರೆ ಇದನ್ನು ಯಾರಾದರೂ ಓದಿ ಉಳಿದುಕೊಳ್ಳಲಿ. ಹೋದ ವರ್ಷ ಇಲ್ಲಿಂದ ಅಮ್ಮನಿಗೆ ಒಂದು ಏರ್ ಫ್ರೈಯರ್ ಹೊತ್ತುಕೊಂಡು ಮಂಡ್ಯಕ್ಕೆ ಹೋಗಿದ್ದೆ. ಸೂಟ್‌ಕೇಸಲ್ಲಿ ಅರ್ಧ ಜಾಗ ಅದಕ್ಕೇ ಹೋಯಿತು. ಪಿನ್ ಬೇರೆ ಥರ ಇತ್ತು, ಐವತ್ತು ರೂಪಾಯಿಯ ಅಡಾಪ್ಟರ್ ಹಾಕಿ ಚುಚ್ಚಿದೆ. ಢಬ್ ಅಂತ ಸದ್ದು, ಸುಟ್ಟ ವಾಸನೆ, ಮನೆಯೆಲ್ಲ ಕತ್ತಲು. ಅಮ್ಮ ಇವತ್ತಿಗೂ ನೆಂಟರಿಗೆಲ್ಲ ಹೇಳಿ ನಗುತ್ತಾರೆ.

ಲೆಕ್ಕದ_ಮೇಷ್ಟ್ರು · ಭಾನುವಾರ, ಸಂಜೆ 5:15

ಅಮೆರಿಕದ ಯಂತ್ರ 120 ವೋಲ್ಟಿನದು. 1500 ವ್ಯಾಟ್ ಎಂದಿಟ್ಟುಕೊಂಡರೆ ಅದರ ಕಾಯಿಲ್ ಕರೆಂಟಿಗೆ ಒಡ್ಡುವ ತಡೆ 9.6 ಓಮ್. ಅದನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ 24 ಆಂಪ್ ಎಳೆಯುತ್ತದೆ, ಶಾಖ ಐದೂವರೆ ಸಾವಿರ ವ್ಯಾಟ್! ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಬದಲಿಸುವುದಿಲ್ಲ. ಇಳಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ, ಆದರೆ ಅಷ್ಟು ವ್ಯಾಟಿನದು ಏರ್ ಫ್ರೈಯರ್‌ಗಿಂತಲೂ ಭಾರ. ಊರಿನಲ್ಲೇ ಒಂದು ಕೊಡಿಸುವುದು ವಾಸಿ.

ತೆಂಗಿನತೋಟ_ತಿಪಟೂರು · ಭಾನುವಾರ, ರಾತ್ರಿ 9:40

ಬಿಚ್ಚಿದೆವು! ಮೂರು ಮೂಲೆಯ ಸ್ಕ್ರೂ ಎರಡು ಇದ್ದವು, ಬಿಟ್ ಸೆಟ್‌ಗೆ 250 ಕೊಟ್ಟು ತಂದರು. ಮೇಲಿನ ಮುಚ್ಚಳ ತೆಗೆದರೆ ಮೊದಲು ಒಂದು ಪ್ಲಾಸ್ಟಿಕ್ ಫ್ಯಾನ್, ಅದರ ಕೆಳಗೆ ಮೋಟಾರ್. ಒಂದೇ ರಾಡಿಗೆ ಮೇಲೊಂದು ಕೆಳಗೊಂದು ಫ್ಯಾನ್ ಇದೆ ಅಂತ ಇವತ್ತೇ ಗೊತ್ತಾಗಿದ್ದು.

ಕಾಯಿಲ್‌ನ ಎರಡು ತುದಿಗೆ ಮಲ್ಟಿಮೀಟರ್ ಇಟ್ಟರೆ 38 ಓಮ್ ತೋರಿಸಿತು. ಅದು ಸರಿಯಾ? ಇನ್ನೊಂದು ಕಡೆ ಬಿಳಿ ಕೊಳವೆಯೊಳಗೆ ಸಣ್ಣ ಬೆಳ್ಳಿ ಬಣ್ಣದ ಗುಂಡು ಥರ ಇದೆ, ತಗಡಿಗೆ ಕ್ಲಿಪ್ ಹಾಕಿ ಕೂರಿಸಿದ್ದಾರೆ. ಅದರ ಎರಡು ತುದಿಗೆ ಇಟ್ಟರೆ ಮೀಟರಲ್ಲಿ ಓಎಲ್ ಅಂತ ಬರುತ್ತೆ, ಬೀಪ್ ಇಲ್ಲ.

ಲೆಕ್ಕದ_ಮೇಷ್ಟ್ರು · ಭಾನುವಾರ, ರಾತ್ರಿ 9:55

230ನ್ನು 230ರಿಂದ ಗುಣಿಸಿ 1400ರಿಂದ ಭಾಗಿಸಿ. 37.8 ಬರುತ್ತದೆ. ನಿಮ್ಮ ಕಾಯಿಲ್ ಗಟ್ಟಿಮುಟ್ಟಾಗಿದೆ. "ಹೀಟಿಂಗ್ ಸೆಟ್ ಪೂರ್ತಿ" ಹೋಗಿದೆ ಎಂದವರಿಗೆ ಈ ಭಾಗಾಕಾರ ಕಳಿಸಿ.

ರಿವೈಂಡಿಂಗ್_ಅಣ್ಣ · ಭಾನುವಾರ, ರಾತ್ರಿ 10:05

ನಾನು ಹೇಳಲಿಲ್ವಾ! ಆ ಬೆಳ್ಳಿ ಗುಂಡೇ ಥರ್ಮಲ್ ಫ್ಯೂಸು. ಓಎಲ್ ಎಂದರೆ ಅದರೊಳಗೆ ಕರೆಂಟಿನ ದಾರಿ ತುಂಡಾಗಿದೆ. ಒಳಗೆ ಒಂದು ಚಿಕ್ಕ ಗುಳಿಗೆ ಇರುತ್ತದೆ. ಬರೆದ ಡಿಗ್ರಿ ದಾಟಿದರೆ ಗುಳಿಗೆ ಕರಗಿ, ಸ್ಪ್ರಿಂಗ್ ಸಂಪರ್ಕ ತಪ್ಪಿಸುತ್ತದೆ. ಒಂದೇ ಸಲ. ತಣ್ಣಗಾದರೂ ಮತ್ತೆ ಕೂಡುವುದಿಲ್ಲ.

ಅದರ ಮೈಮೇಲೆ ಸಣ್ಣ ಅಕ್ಷರದಲ್ಲಿ ಡಿಗ್ರಿ ಮತ್ತು ಆಂಪ್ ಇರುತ್ತದೆ, ಓದಿ. ಅದೇ ಡಿಗ್ರಿಯದೇ ಬೇಕು. ಜಾಸ್ತಿಯೂ ಬೇಡ, ಕಡಿಮೆಯೂ ಬೇಡ. ಹಾಕುವಾಗ ಬೆಸುಗೆ ಹಾಕಿಸಬೇಡಿ. ಮಾಮೂಲಿ ಸೀಸದ ಬೆಸುಗೆ 190 ಡಿಗ್ರಿ ಒಳಗೇ ಕರಗುತ್ತದೆ, ಆ ಜಾಗದಲ್ಲಿ ನಿಲ್ಲುವುದಿಲ್ಲ. ಮೇಲಾಗಿ ಕಾದ ಐರನ್ ತಾಗಿದರೆ ಹೊಸ ಫ್ಯೂಸು ಅಲ್ಲೇ ಹಾರುತ್ತದೆ. ಕ್ರಿಂಪ್ ಕೊಳವೆಯೊಳಗೆ ಎರಡು ತುದಿ ಇಟ್ಟು ಇಕ್ಕಳದಲ್ಲಿ ಒತ್ತಬೇಕು. ಬಿಳಿ ಕೊಳವೆ ಎಸೆಯಬೇಡಿ, ಫ್ಯೂಸಿನ ಮೈಯಲ್ಲೂ ಕರೆಂಟು ಇರುತ್ತದೆ. ಬರಿಮೈಯಲ್ಲಿ ತಗಡಿಗೆ ತಾಗಿಸಿದರೆ ಯಂತ್ರವೇ ಶಾಕ್ ಹೊಡೆಯುತ್ತದೆ.

ಇನ್ನೊಂದು. ಫ್ಯೂಸು ಸುಮ್ನೆ ಹಾರುವುದಿಲ್ಲ. ಹಾರಿಸಿದವರು ಯಾರೋ ಒಳಗೇ ಇದ್ದಾರೆ. ಫ್ಯಾನ್ ಕೈಯಲ್ಲಿ ತಿರುಗಿಸಿದರೆ ಹಗುರವಾಗಿ ತಿರುಗುತ್ತದಾ? ಗೋಡೆಗೆ ಒತ್ತಿ ಇಡುತ್ತಿದ್ದಿರಾ? ಹಿಂದಿನ ಬಿಸಿಗಾಳಿ ಹೋಗುವ ಕಿಂಡಿಗೆ ಏನಾದರೂ ಅಡ್ಡ ಇತ್ತಾ?

ತೆಂಗಿನತೋಟ_ತಿಪಟೂರು · ಸೋಮವಾರ, ಬೆಳಿಗ್ಗೆ 8:15

216 ಡಿಗ್ರಿ, 10 ಆಂಪ್ ಅಂತ ಇದೆ. ಭೂತಕನ್ನಡಿ ಬೇಕಾಯಿತು. ಗೋಡೆಯಿಂದ ಒಂದು ಗೇಣು ದೂರದಲ್ಲೇ ಇಡುತ್ತೇವೆ. ಮೇಲಿನ ಫ್ಯಾನ್ ಮುಟ್ಟಿದೆ, ತಿರುಗುತ್ತೆ. ಬೇರೇನೂ ಆಗಿಲ್ಲ ಅಣ್ಣ.

ಬಳಕೆದಾರ_ವೇದಿಕೆ · ಸೋಮವಾರ, ಬೆಳಿಗ್ಗೆ 11:00

ಅಕ್ಕ, ಬಿಡಿಭಾಗ ಬಿಡಿಯಾಗಿ ಕೊಡದೆ ಪೂರ್ತಿ ಸೆಟ್ ಹಾಕಿಸಿ ಎನ್ನುವುದು ಈಗ ಎಲ್ಲ ಕಡೆ ನಡೆಯುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಒಂದನ್ನು ಶುರು ಮಾಡಿತು. ದೂರು ಹೇಳಬೇಕೆಂದರೆ 1915ಕ್ಕೆ ಫೋನ್ ಮಾಡಬಹುದು. ಈ ವಿಷಯಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ ಅನ್ನಿ, ನಂಬರ್ ಇಟ್ಟುಕೊಂಡಿರಿ.

ತೆಂಗಿನತೋಟ_ತಿಪಟೂರು · ಬುಧವಾರ, ಸಂಜೆ 5:30

ಫ್ಯೂಸ್ ಸಿಕ್ಕಿತು, 30 ರೂಪಾಯಿ. 216 ಇರಲಿಲ್ಲ. ಅಂಗಡಿಯವರು 172 ಕೊಟ್ಟರು, "ಎಲ್ಲ ಒಂದೇ ಮೇಡಂ, ಕುಕ್ಕರಿಗೂ ಇದನ್ನೇ ಹಾಕೋದು" ಅಂದರು. ಯಜಮಾನರು ಹಾಕಿದರು. ಬಿಸಿ ಬಂತು! ಹಾಗಲಕಾಯಿ ಚಿಪ್ಸ್ ಗರಿಗರಿ ಆಯಿತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ರಿವೈಂಡಿಂಗ್_ಅಣ್ಣ · ಬುಧವಾರ, ಸಂಜೆ 6:10

ಅಯ್ಯೋ. 200 ಡಿಗ್ರಿಯವರೆಗೆ ಕಾಯುವ ಯಂತ್ರಕ್ಕೆ 172ರ ಫ್ಯೂಸಾ? ಎಷ್ಟು ದಿನ ಬರುತ್ತದೋ ನೋಡೋಣ.

ತೆಂಗಿನತೋಟ_ತಿಪಟೂರು · ಗುರುವಾರ, ರಾತ್ರಿ 8:00

ಬರಲಿಲ್ಲ. ನಿಪ್ಪಟ್ಟು ಎರಡನೇ ಸುತ್ತಿನಲ್ಲೇ ಹೋಯಿತು. ಅದೇ ದೀಪ, ಅದೇ ಗಾಳಿ.

ಸುಮ್ನೆ_ಓದುಗ · ಗುರುವಾರ, ರಾತ್ರಿ 8:10

ನಾನು ಶನಿವಾರವೇ ಹೇಳಿದ್ದೆ.

ರಿವೈಂಡಿಂಗ್_ಅಣ್ಣ · ಗುರುವಾರ, ರಾತ್ರಿ 8:40

ಓದುಗರೇ, ಇದು ಯಂತ್ರದ ತಪ್ಪಲ್ಲ, ತಪ್ಪು ಫ್ಯೂಸಿನ ತಪ್ಪು. 216ರದ್ದು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿದರೆ ಸಿಗುತ್ತದೆ, ಯಾರಾದರೂ ಹೋಗುವವರಿದ್ದರೆ ಹೇಳಿ. ಹತ್ತು ತರಿಸಿ, ಚಿಲ್ಲರೆ ಕಾಸು.

ಆದರೆ ತಂಗಿ, ಮೊದಲನೆಯದು ಸರಿಯಾದ ಡಿಗ್ರಿಯದೇ ಇತ್ತು, ಅದೂ ಹಾರಿದೆಯಲ್ಲ? ಆ ಪ್ರಶ್ನೆಗೆ ಉತ್ತರ ಸಿಗದೆ ಹೊಸದು ಹಾಕಬೇಡಿ. ಈ ಸಲ ಮೇಲಿನ ಫ್ಯಾನ್ ಅಲ್ಲ, ಕೆಳಗಿನದನ್ನು ನೋಡಿ. ಬುಟ್ಟಿ ತೆಗೆದು, ಯಂತ್ರ ತಲೆಕೆಳಗು ಮಾಡಿ, ಕಾಯಿಲ್ ಹಿಂದಿನ ಜಾಲರಿಯೊಳಗೆ ಟಾರ್ಚ್ ಬಿಡಿ.

ತೆಂಗಿನತೋಟ_ತಿಪಟೂರು · ಗುರುವಾರ, ರಾತ್ರಿ 10:20

ಸಿಕ್ಕಿತು ಅಣ್ಣ!! ಜಾಲರಿಯ ಹಿಂದೆ ಕಪ್ಪಗೆ ಸುರುಳಿ ಸುತ್ತಿಕೊಂಡ ಏನೋ ಒಂದು. ಚಿಮುಟದಲ್ಲಿ ಎಳೆದರೆ ಪುಡಿಪುಡಿಯಾಗಿ ಬಂತು. ಬಟರ್ ಪೇಪರ್! ಅರ್ಧ ಸುಟ್ಟಿದೆ, ಉಳಿದದ್ದು ಫ್ಯಾನಿನ ನಡುವಿನ ರಾಡಿಗೆ ಸುತ್ತಿಕೊಂಡಿದೆ. ಮಗನನ್ನು ಕೇಳಿದೆ. ಬಾಯಿ ಬಿಡಲಿಲ್ಲ. ಅವರಜ್ಜಿ ಕೇಳಿದರು, ಬಿಟ್ಟ. ಮಂಗಳವಾರ ನಾನು ತೋಟಕ್ಕೆ ಹೋಗಿದ್ದಾಗ ಫ್ರೋಜನ್ ಆಲೂ ಟಿಕ್ಕಿ ಮಾಡಲು ಹೋಗಿದ್ದನಂತೆ. ಪ್ಯಾಕೆಟ್ ಮೇಲೆ ಮೊದಲು ಖಾಲಿ ಬಿಸಿ ಮಾಡಿ ಅಂತ ಬರೆದಿತ್ತಂತೆ. ಪೇಪರ್ ಹಾಸಿ, ಮೇಲೇನೂ ಇಡದೆ ಖಾಲಿ ಓಡಿಸಿದ್ದಾನೆ. ಪೇಪರ್ ಮಾಯವಾಯಿತಂತೆ! ಸುಟ್ಟ ವಾಸನೆ ಬಂದು ಆರಿಸಿದನಂತೆ. ಕಿಟಕಿ ತೆಗೆದು ಅಗರಬತ್ತಿ ಹಚ್ಚಿದ್ದಾನೆ. ನಾನು ಬಂದು "ಪರವಾಗಿಲ್ವೇ, ದೇವರಿಗೆ ದೀಪ ಹಚ್ಚಿದ್ದೀಯಾ" ಅಂತ ಹೊಗಳಿದ್ದೆ.

ರಿವೈಂಡಿಂಗ್_ಅಣ್ಣ · ಗುರುವಾರ, ರಾತ್ರಿ 10:35

ಮಜ್ಜಿಗೆಗೆ ಬಂದು ತಂಬಿಗೆ ಮುಚ್ಚಿಟ್ಟರಂತೆ! ನಿಮ್ಮನ್ನಲ್ಲ ತಂಗಿ, ಆ ಹುಡುಗನನ್ನು ಹೇಳಿದ್ದು. ಅಗರಬತ್ತಿ ಹಚ್ಚಿದ ಬುದ್ಧಿ ಮೆಚ್ಚಬೇಕು, ನನ್ನ ಅಂಗಡಿಗೆ ಕಳಿಸಿ, ಕೆಲಸ ಕಲಿಸುತ್ತೇನೆ.

ಕೇಳಿ ಈಗ. ಕೆಳಗಿನ ಫ್ಯಾನು ಗಾಳಿಯನ್ನು ಮೇಲಕ್ಕೆ ಎಳೆದು ಕಾಯಿಲ್ ಮೇಲಿಂದ ಸುತ್ತಿಸುತ್ತದೆ. ಭಾರ ಇಲ್ಲದ ಪೇಪರ್ ನೇರ ಮೇಲೆ ಹೋಗುತ್ತದೆ. ಅದು ಗಾಳಿಯ ದಾರಿ ಮುಚ್ಚಿತು, ಫ್ಯಾನನ್ನೂ ಹಿಡಿಯಿತು. ಕಾಯಿಲ್ ಮಾತ್ರ ತನ್ನ ಪಾಡಿಗೆ ಉರಿಯುತ್ತಿದೆ. ಗಾಳಿ ಹರಿದರೆ ತಾನೇ ಥರ್ಮೋಸ್ಟಾಟ್‌ಗೆ ನಿಜವಾದ ಬಿಸಿ ಗೊತ್ತಾಗುವುದು? ತಗಡಿನ ಮೇಲೆ ಕೂತ ಫ್ಯೂಸಿಗೆ ಮೊದಲು ಗೊತ್ತಾಯಿತು, ಹಾರಿತು. ತನ್ನ ಕೆಲಸ ಮಾಡಿ ಸತ್ತಿದೆ ಪಾಪ.

ಮನೆಯೂಟ_ಮಂಗಳೂರು · ಶುಕ್ರವಾರ, ಬೆಳಿಗ್ಗೆ 6:50

ನಮ್ಮಲ್ಲಿ ಹಲಸಿನ ಹಪ್ಪಳದಿಂದ ಹೀಗೇ ಆಗಿತ್ತು ಮಾರಾಯ್ರೆ. ಒಂದು ಹಪ್ಪಳ ಹಾರಿ ಕಾಯಿಲ್‌ಗೆ ಅಂಟಿಕೊಂಡು ಇದ್ದಿಲಾಯಿತು. ಈಗ ಮೇಲೆ ಸ್ಟೀಲಿನ ಜಾಲರಿ ಸ್ಟ್ಯಾಂಡ್ ಇಡುತ್ತೇನೆ. ಪೇಪರ್ ಹಾಸಿದರೆ ಅದರ ಮೇಲೆ ತಿಂಡಿ ಇಟ್ಟ ಮೇಲೆಯೇ ಒಳಗೆ ತಳ್ಳುವುದು. ಮತ್ತೆ ಪೇಪರ್ ಪೂರ್ತಿ ಬುಟ್ಟಿ ಮುಚ್ಚುವಷ್ಟು ದೊಡ್ಡದಿರಬಾರದು. ತೂತು ಮುಚ್ಚಿದರೆ ಕೆಳಗೆ ಬೇಯುವುದಿಲ್ಲ.

ಮಲೆನಾಡ_ಮಳೆ · ಶುಕ್ರವಾರ, ಬೆಳಿಗ್ಗೆ 9:00

ಎಲ್ಲರೂ ಇದ್ದಾಗಲೇ ನನ್ನದನ್ನೂ ಕೇಳಿಬಿಡುತ್ತೇನೆ. ಮಳೆಗಾಲದಲ್ಲಿ ಮೂರು ತಿಂಗಳು ಅಟ್ಟದ ಮೇಲಿಟ್ಟಿದ್ದೆ. ಈಗ ಹಚ್ಚಿದ ಕೂಡಲೇ ಕರೆಂಟು ಸೋರಿದರೆ ಬೀಳುವ ಸ್ವಿಚ್ಚು, ಇಎಲ್‌ಸಿಬಿ, ಬೀಳುತ್ತದೆ. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಎಂಸಿಬಿ ಬೀಳುವುದಿಲ್ಲ.

ರಿವೈಂಡಿಂಗ್_ಅಣ್ಣ · ಶುಕ್ರವಾರ, ಬೆಳಿಗ್ಗೆ 9:45

ಕಾಯಿಲ್ ಸಣ್ಣ ಕೊಳವೆಯ ಥರ ಇದ್ದರೆ ಅದರೊಳಗೆ ತಂತಿಯ ಸುತ್ತ ಬಿಳಿ ಪುಡಿ ತುಂಬಿರುತ್ತಾರೆ. ಮೆಗ್ನೀಸಿಯಂ ಆಕ್ಸೈಡ್. ಬಿಸಿ ದಾಟಿಸುತ್ತದೆ, ಕರೆಂಟು ದಾಟಿಸುವುದಿಲ್ಲ. ಆದರೆ ತೇವ ಕುಡಿಯುತ್ತದೆ. ನಿಮ್ಮೂರ ಮಳೆಗೆ ಕೇಳಬೇಕಾ! ತೇವ ಆದರೆ ಸ್ವಲ್ಪ ಕರೆಂಟು ಮೈಗೆ ಸೋರುತ್ತದೆ, ಇಎಲ್‌ಸಿಬಿ ಹಿಡಿಯುತ್ತದೆ. ಮನೆಯಲ್ಲಿ ಹಾಕುವವು ಸಾಮಾನ್ಯವಾಗಿ 30 ಮಿಲಿ ಆಂಪಿಗೇ ಬೀಳುತ್ತವೆ. ಬಿಸಿಲಿಗೆ ಎರಡು ದಿನ ಇಡಿ, ಬುಟ್ಟಿ ತೆಗೆದು. ಆಮೇಲೂ ಬಿದ್ದರೆ ಅಂಗಡಿಗೆ ಒಯ್ದು ಸೋರಿಕೆ ಪರೀಕ್ಷಿಸುವ ಮೆಗ್ಗರ್ ಹಾಕಿಸಿ. ಇಎಲ್‌ಸಿಬಿ ತೆಗೆದು ಓಡಿಸುವ ಯೋಚನೆ ಬೇಡ, ಅರ್ಥಿಂಗ್ ಇಲ್ಲದ ಸಾಕೆಟ್‌ಗೆ ಹಾಕುವುದೂ ಬೇಡ.

ಐಟಿ_ಬಾಡಿಗೆಮನೆ · ಶುಕ್ರವಾರ, ಬೆಳಿಗ್ಗೆ 11:30

ನಮ್ಮದು ಟಚ್ ಪರದೆಯದು. ಇ1 ಅಂತ ತೋರಿಸಿ ಕೂಗುತ್ತದೆ, ಬಿಸಿಯಾಗುವುದಿಲ್ಲ. ಇದಕ್ಕೂ ಫ್ಯೂಸಾ?

ರಿವೈಂಡಿಂಗ್_ಅಣ್ಣ · ಶುಕ್ರವಾರ, ಮಧ್ಯಾಹ್ನ 2:10

ನಿಮ್ಮದರಲ್ಲಿ ಥರ್ಮೋಸ್ಟಾಟ್ ಬದಲು ಸೆನ್ಸರ್ ಇದೆ. ಬಹಳಷ್ಟು ಮಾದರಿಗಳಲ್ಲಿ ಇ1 ಎಂದರೆ ಸೆನ್ಸರಿನ ವೈರು ತುಂಡಾಗಿದೆ ಅಥವಾ ಪಿನ್ ಸಡಿಲ, ಇ2 ಎಂದರೆ ಶಾರ್ಟ್. ಆದರೆ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ, ಪುಸ್ತಕ ನೋಡಿ. ವಾರಂಟಿ ಇದ್ದರೆ ಸ್ಕ್ರೂ ಮುಟ್ಟಬೇಡಿ.

ತೆಂಗಿನತೋಟ_ತಿಪಟೂರು · ಮುಂದಿನ ಮಂಗಳವಾರ, ಸಂಜೆ 7:15

216ರ ಫ್ಯೂಸ್ ಬಂತು. ತಮ್ಮ ಎಸ್.ಪಿ. ರೋಡಿಗೆ ಹೋಗಿ ಐದು ತಂದ. ಹಾಕುವ ಮೊದಲು ಹಲ್ಲುಜ್ಜುವ ಹಳೇ ಬ್ರಶ್ಶಿನಿಂದ ಜಾಲರಿ, ಫ್ಯಾನು ಎಲ್ಲ ಉಜ್ಜಿದೆವು. ಕೆಳಗಿನ ಫ್ಯಾನ್ ಬಿಚ್ಚಲು ನಟ್ ತಿರುಗಿಸಿದರೆ ಇನ್ನೂ ಬಿಗಿಯಾಗುತ್ತಿತ್ತು. ಉಲ್ಟಾ ಥ್ರೆಡ್ ಅಂತ ಅರ್ಧ ಗಂಟೆ ಆದಮೇಲೆ ಗೊತ್ತಾಯಿತು. ಈಗ ಬೆರಳಲ್ಲಿ ತಳ್ಳಿದರೆ ನಾಲ್ಕು ಸುತ್ತು ತಾನೇ ತಿರುಗುತ್ತದೆ.

ಇವತ್ತು ಮೂರು ಸುತ್ತು ನಿಪ್ಪಟ್ಟು ಆಯಿತು. ದೀಪ ಆರು ನಿಮಿಷಕ್ಕೆ ಆರಿತು, ಮತ್ತೆ ಹತ್ತಿತು. ಅತ್ತೆ ಒಂದು ತಿಂದು "ಎಣ್ಣೆಯಲ್ಲಿ ಕರಿದದ್ದು ಅಲ್ಲ ಬಿಡು" ಅಂದರು. ಆಮೇಲೆ ಮೂರು ತಿಂದರು.

ಮೇಷ್ಟ್ರೇ, ಮೀಟರ್ ಕೂಡ ನೋಡಿದೆ. ಎಲ್ಲ ಆರಿಸಿ ಎಣಿಸಿದರೆ ಹತ್ತು ಮಿಣುಕಿಗೆ 9 ಸೆಕೆಂಡು. ನೀವು 8 ಅಂದಿದ್ದಿರಿ. ಏನಾದರೂ ತೊಂದರೆ ಇದೆಯಾ?

ಲೆಕ್ಕದ_ಮೇಷ್ಟ್ರು · ಮಂಗಳವಾರ, ಸಂಜೆ 7:50

ತೊಂದರೆ ಇಲ್ಲ. 9 ಸೆಕೆಂಡು ಎಂದರೆ 1250 ವ್ಯಾಟ್. ಫ್ಯಾನಿನ 30 ಕಳೆಯಿರಿ, 1220. ಕಾಯಿಲ್ 38 ಓಮ್. ನಿಮ್ಮ ಮನೆಗೆ ಈಗ ಬರುತ್ತಿರುವುದು 230 ಅಲ್ಲ, ಸುಮಾರು 215 ವೋಲ್ಟ್.

ತೆಂಗಿನತೋಟ_ತಿಪಟೂರು · ಮಂಗಳವಾರ, ರಾತ್ರಿ 8:05

ಯಜಮಾನರು ಮಲ್ಟಿಮೀಟರ್ ತಗೊಂಡು ಸಾಕೆಟ್ ಹತ್ತಿರ ಹೋಗಿದ್ದಾರೆ, ನಿಮ್ಮ ಲೆಕ್ಕ ಸರಿಯೋ ತಪ್ಪೋ ನೋಡಬೇಕಂತೆ.

ರಿವೈಂಡಿಂಗ್_ಅಣ್ಣ · ಮಂಗಳವಾರ, ರಾತ್ರಿ 8:06

ಓಮ್‌ನಲ್ಲೇ ಇಟ್ಟು ಚುಚ್ಚಿಯಾರು! ಎಸಿ ವೋಲ್ಟ್‌ಗೆ ತಿರುಗಿಸಲು ಹೇಳಿ, ಬೇಗ!

ತೆಂಗಿನತೋಟ_ತಿಪಟೂರು · ಮಂಗಳವಾರ, ರಾತ್ರಿ 8:12

ತಿರುಗಿಸಿದ್ದರು ಅಣ್ಣ. 214.